ನುಂಗದ ಗುಟುಕು

ಮರಿಲಿಂಗನ ತುಟಿ ಕಡುಗೆಂಪಾಗಿತ್ತು. ಕೈಯಲ್ಲಿ ಅರ್ಧ ಲೋಟ ವೈನು... ಪಂಚಶೀಲಾಳ ಎದೆ ಧಸಕ್ಕೆಂದಿತು!

ಯಾದಗಿರಿಯ ಕೋಟೆ ತೋರಿಸಿ, ಸುರಪುರದ ಅರಸರ ಕಥೆ ಹೇಳಿ, ಶಹಾಪುರದ ಗುಡ್ಡಸಾಲಿನ ಆಕಾರದಲ್ಲೇ ಕಾಣುವ ಮಲಗಿದ ಬುದ್ಧನ ಹಣೆ, ಮೂಗು, ಎದೆಯನ್ನು ಬೆರಳು ಮಾಡಿ ಗುರುತಿಸಿ, ಅವಳು ಪ್ರವಾಸಿಗರನ್ನು ಗುಡ್ಡದ ಓರೆಯ ದ್ರಾಕ್ಷಿ ತೋಟಕ್ಕೆ ಕರೆತಂದಿದ್ದಳು. ಅಲ್ಲಿ ವೈನು ತಯಾರಿಸುವ ಮರಿಲಿಂಗ ಅವಳ ಸೋದರತ್ತೆ ಅಯ್ಯಮ್ಮನ ಮಗ. ಇಬ್ಬರಿಗೂ ಮದುವೆ ಗೊತ್ತಾಗಿತ್ತು.

ಮದ್ಯ ಮುಟ್ಟಬಾರದೆಂಬುದು ಬುದ್ಧನ ಐದನೆಯ ಶೀಲ. ಆ ಐದನ್ನೂ ಸೇರಿಸಿ ಅಪ್ಪ ಅವಳಿಗೆ ಹೆಸರಿಟ್ಟಿದ್ದ. ಮಾಡುವುದು ಹೊಟ್ಟೆಪಾಡು, ಕುಡಿಯುವುದಿಲ್ಲ ಎಂದು ಮರಿಲಿಂಗ ಮಾತು ಕೊಟ್ಟ ಮೇಲೆಯೇ ಅವಳು ಹೂಂ ಅಂದದ್ದು.

"ಕುಡುಕರ ಮನಿಗೆ ನಾ ಬರಂಗಿಲ್ಲ."

ಎಲ್ಲರೆದುರು ಅಂದುಬಿಟ್ಟು ಬಸ್ಸು ಹತ್ತಿದಳು. ಮಾತು ಊರಿಗೆಲ್ಲ ಹಬ್ಬಿತು. ಅಯ್ಯಮ್ಮ ತಲೆ ತಗ್ಗಿಸಿ ಊರಿನ ಬುದ್ಧ ವಿಹಾರಕ್ಕೆ ಬರುವುದನ್ನೇ ಬಿಟ್ಟಳು. ಮದುವೆಯ ಮಾತು ಮುರಿಯಿತು.

ಕೆಲಸ ಕೇಳುತ್ತದೆಯೇ? ಮುಂದಿನ ವಾರ ಹೊಸ ಪ್ರವಾಸಿಗರೊಂದಿಗೆ ಮತ್ತೆ ಅದೇ ತೋಟಕ್ಕೆ ಬರಬೇಕಾಯಿತು. ಒಳಗೆ ಮರಿಲಿಂಗ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಮುಕ್ಕಳಿಸಿ, ಪೂರ್ತಿ ಬಕೆಟ್ಟಿಗೆ ಉಗುಳಿದ. ಮತ್ತೊಂದು ಲೋಟ ಎತ್ತಿದ. ಅದನ್ನೂ ಉಗುಳಿದ.

ಪಕ್ಕದಲ್ಲಿದ್ದ ಕೆಲಸದಾಕೆ ಅರ್ಜುಮಂದ ಅವಳ ಮುಖ ನೋಡಿ, "ರುಚಿ ನೋಡಿ ಉಗುಳೋದ ಅವನ ಕೆಲಸ. ಒಂದ ಹನಿನೂ ನುಂಗಂಗಿಲ್ಲ. ನನ್ನ ಕೇಳಬೇಕಿತ್ತವ್ವಾ, ದಿನಾ ಬಕೆಟ್ ಚೆಲ್ಲಾಕಿ ನಾನು," ಅಂದಳು.

ಪಂಚಶೀಲಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. 'ಒಂದು ಮಾತು ಕೇಳಲಿಲ್ಲವಲ್ಲ ನಾನು... ಅತ್ತೆಯ ಮಾನ ಕಳೆದೆನಲ್ಲ...' ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಓಡಿಹೋಗಬೇಕೆನ್ನಿಸಿದರೂ ಪ್ರವಾಸಿಗರ ನಡುವೆಯೇ ಅವನ ಮುಂದೆ ಹೋಗಿ ನಿಂತಳು.

"ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಹೇಳತೀನಿ. ಇವ ಕುಡುಕ ಅಲ್ಲ. ತಪ್ಪು ನಂದು."

ಮರಿಲಿಂಗ ಬಾಯಿ ತೊಳೆದುಕೊಂಡ. "ನನಗಲ್ಲ, ಅವ್ವಗ ಹೇಳು," ಅಂದ.

"ಈಗ ನಡಿ ಮಾಮಾ. ಅತ್ತಿ ಕಾಲು ಹಿಡಿತೀನಿ. ನೀನರ ಅವತ್ತ ಯಾಕ ನನ್ನ ತಡಿಲಿಲ್ಲ?"

"ದಿನಾ ನಿನ್ನ ಹೆಸರು ಹಿಡಿದು ಕರಿಯೋ ಬಾಯಿ ಇದು. ಇದನ್ನ ನೀನ ನಂಬಲಿಲ್ಲಂದ್ರ ನಾ ಏನು ಹೇಳಲಿ?"

ಅವಳ ಕಣ್ಣು ತುಂಬಿ ಹರಿಯಿತು.

"ಈಗ ನಂಬೀನಿ... ಒಮ್ಮಿ ಹೆಸರು ಹಿಡಿದು ಕರಿ."

ಅವನ ಕೆಂಪು ತುಟಿ ತೆರೆಯಿತು.

"ಪಂಚಶೀಲಾ..."