ಮಿಂಚುಳ್ಳಿಗೆ ಎರಡು ಕೊಕ್ಕು

"ಉಸಿರಾಡಬೇಡಿ."

ಅವನು ಅವಳಿಗೆ ಹೇಳಿದ ಮೊದಲ ಮಾತು ಅದೇ. ನಮಸ್ಕಾರವಿಲ್ಲ, ಯಾರು ನೀವು ಎಂಬ ವಿಚಾರಣೆಯಿಲ್ಲ. ಬಿಚ್ಚಿಟ್ಟ ಲೆನ್ಸಿನ ಗಾಜೊಂದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, ತಲೆ ಕೂಡ ಎತ್ತದೆ ಹೇಳಿದ್ದ.

ರಿಪೇರಿ ಕೋಣೆಯ ಬಾಗಿಲಲ್ಲಿ ಅವಳು ಉಸಿರು ಕಟ್ಟಿ ನಿಂತಳು. ಗಾಜು ಅದರ ಜಾಗದಲ್ಲಿ ಕೂತಿತು.

"ಈಗ ಬಿಡಬಹುದು," ಎಂದು ಅವನು ನಕ್ಕ.

ಅಷ್ಟೇ ನೋಡಿ. ಕ್ಯಾಮೆರಾ ಬಾಡಿಗೆಗೆ ಕೊಡುವ ಸೋದರಮಾವನ ಅಂಗಡಿಯಲ್ಲಿ ಏಳು ವರ್ಷದಿಂದ ಲೆನ್ಸ್ ಪರೀಕ್ಷೆ ಮಾಡುತ್ತಿದ್ದ, ಯಾರಿಗೂ ಸೊಪ್ಪು ಹಾಕದ ನಮ್ಮ ಹುಡುಗಿ ಅವತ್ತು ಊಟದ ಡಬ್ಬಿ ತೆರೆಯುವುದನ್ನೇ ಮರೆತಳು.

ಹೊಸ ಮೆಕ್ಯಾನಿಕ್‌ಗೆ ಅಂಗಡಿಯಲ್ಲಿ 'ಸ್ಕ್ರೂ ಸಾಹೇಬ' ಎಂದು ಹೆಸರು ಬಿತ್ತು. ಮೂರು ತಿಂಗಳ ಮೇಲೆ ಒಂದು ಸಂಜೆ ಅವನು ತನ್ನ ಬಲಗೈಯನ್ನು ಅವಳ ಮುಂದೆ ಮೇಜಿನ ಮೇಲಿಟ್ಟ. ತೋರುಬೆರಳು ಸಣ್ಣಗೆ ನಡುಗುತ್ತಿತ್ತು.

"ಹೋದ ವರ್ಷ ಬೈಕಿಂದ ಬಿದ್ದಿದ್ದೆ. ಕೆಲಸ ಮಾಡುವಾಗ ನಡುಗಲ್ಲ. ಸುಮ್ಮನೆ ಕೂತಾಗ ಮಾತ್ರ ಹೀಗೆ... ಯಾರಿಗೂ ತೋರಿಸಿಲ್ಲ ಇದನ್ನ. ನಿಮಗೊಬ್ಬರಿಗೆ."

ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ಮಾವನಿಗೂ ಕಣ್ಣಿತ್ತಲ್ಲ.

"ಅವನು ಲೋಟ ಹಿಡಿದ್ರೆ ಒಳಗಿನ ಟೀ ಕುಣಿಯತ್ತೆ ಕಣೇ. ಇಂಥ ಕೈಗೆ ಲೆನ್ಸ್ ಹೇಗೆ ಕೊಡೋದು? ಆ ಆಲ್‌ರೌಂಡರ್ ಜೂಮ್ ಜೋಡಿಸಿದಾನಲ್ಲ, ನಾಳೆ ಬೆಳಿಗ್ಗೆ ಟೆಸ್ಟ್ ಮಾಡು. ಪಾಸಾದ್ರೆ ಆ ಟೇಬಲ್ ಅವನದೇ. ಫೇಲಾದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಲಿ."

ಬೆಟ್ಟವೂ ಬೇಕು, ದೂರದ ಹಕ್ಕಿಯೂ ಬೇಕು, ಒಂದೇ ಲೆನ್ಸಿನಲ್ಲಿ ಕೆಲಸ ಮುಗಿಯಬೇಕು ಎನ್ನುವ ಗಿರಾಕಿಗಳೆಲ್ಲ ಕೇಳುವುದು ಆ ಜೂಮ್ ಲೆನ್ಸನ್ನೇ. ಯಾರೋ ಬಂಡೆಯ ಮೇಲೆ ಬೀಳಿಸಿ ತಂದಿದ್ದರು. ಅವನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದ.

ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಅವಳು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಬಿಗಿದಳು. ಏಳು ವರ್ಷದಲ್ಲಿ ಸ್ಟ್ಯಾಂಡ್ ಹೊತ್ತು ತಂದದ್ದು ಅದೇ ಮೊದಲು.

ಮೊದಲು ಬೆಟ್ಟ, ನೀರು, ಆಕಾಶ. ಎಲ್ಲವೂ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂದವು. ಆಮೇಲೆ ಜೂಮನ್ನು ಕೊನೆಯವರೆಗೂ ತಿರುಗಿಸಿ, ನೀರಿನ ನಡುವಿನ ಗೂಟದ ಮೇಲೆ ಕೂತಿದ್ದ ಮಿಂಚುಳ್ಳಿಯನ್ನು ಹಿಡಿದಳು.

ಮಿಂಚುಳ್ಳಿಗೆ ಎರಡು ಕೊಕ್ಕು!

ಮತ್ತೊಂದು ತೆಗೆದಳು. ಇನ್ನೊಂದು. ಹೀಗೆ ಮೂವತ್ತು. ಮೂವತ್ತೂ ಮಸುಕು.

'ದೇವರೇ, ಇದೊಂದು ಸಲ ನನ್ನ ಕಣ್ಣೇ ಸರಿಯಿಲ್ಲ ಅಂತಾಗ್ಲಿ...'

ಆದರೆ ಸುಳ್ಳು ಬರೆಯುವುದು ಅವಳಿಗೆ ಗೊತ್ತಿರಲಿಲ್ಲ. 'ದೂರದ ತುದಿಯಲ್ಲಿ ಚಿತ್ರ ಅದುರುತ್ತಿದೆ. ಫೇಲ್.' ಕಾಗದವನ್ನು ಮಾವನ ಮುಂದಿಟ್ಟಳು. ಮಾವ ಅದನ್ನು ಸ್ಕ್ರೂ ಸಾಹೇಬನತ್ತ ಸರಿಸಿದರು.

ಅವನು ಅದನ್ನು ಎರಡು ಸಲ ಓದಿದ.

"ಲೆನ್ಸ್ ನೋಡಿ ಬರೆದ್ರಾ, ನನ್ನ ಕೈ ನೋಡಿ ಬರೆದ್ರಾ?"

"ಲೆನ್ಸ್ ನೋಡಿ."

"ನಿಮಗೆ ಕೈ ತೋರಿಸಬಾರದಿತ್ತು," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಒಳಗೆ ಹೋಗಿ ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದ.

ಅವಳು ಕಣ್ಣೊರೆಸಿಕೊಳ್ಳುತ್ತ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚುತ್ತಿದ್ದಳು. ಹೆಬ್ಬೆರಳು ಲೆನ್ಸಿನ ಪಕ್ಕದ ಸಣ್ಣ ಸ್ವಿಚ್ಚಿಗೆ ತಾಗಿತು.

ಆನ್.

ಕೈ ಅದುರಿದರೂ ಚಿತ್ರ ಅದುರದಂತೆ ನೋಡಿಕೊಳ್ಳುವ ಸ್ವಿಚ್ ಅದು. ಕೈಯಲ್ಲಿ ಹಿಡಿಯುವಾಗ ಆನ್ ಇರಬೇಕು. ಸ್ಟ್ಯಾಂಡ್ ಮೇಲಿಟ್ಟರೆ ಆಫ್ ಮಾಡಬೇಕು. ಇಲ್ಲದಿದ್ದರೆ, ತಡೆಯಲು ಯಾವ ನಡುಕವೂ ಸಿಗದೆ ಈ ಲೆನ್ಸು ತಾನೇ ಅದುರುತ್ತದೆ. ಈ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಆದರೆ ಯಾವತ್ತೂ ಕೈಯಲ್ಲೇ ಹಿಡಿಯುವವಳ ಬೆರಳು ಆ ಸ್ವಿಚ್ಚಿನ ಕಡೆಗೆ ಹೋದದ್ದೇ ಇಲ್ಲ.

'ಅವರ ಬೆರಳಿನ ಹಾಗೇ, ಕೆಲಸ ಇಲ್ಲದಾಗ ಮಾತ್ರ ನಡುಗೋದು...'

ಸ್ಟ್ಯಾಂಡ್ ಹೊತ್ತುಕೊಂಡು ತಾರಸಿಗೆ ಓಡಿದಳು. ಮೂರು ಕಟ್ಟಡದಾಚೆ, ನೀರಿನ ಟ್ಯಾಂಕಿನ ಮೇಲೆ ಪಾರಿವಾಳ ಕೂತಿತ್ತು. ಸ್ವಿಚ್ ಆಫ್ ಮಾಡಿ ಕ್ಲಿಕ್ಕಿಸಿದಳು.

ಕತ್ತಿನ ಪುಕ್ಕಗಳನ್ನು ಎಣಿಸಬಹುದಿತ್ತು.

ಸ್ವಿಚ್ ಆನ್ ಮಾಡಿ, ಕೈಯಲ್ಲಿ ಹಿಡಿದು ಮತ್ತೊಂದು ತೆಗೆದಳು. ಅದೂ ಅಷ್ಟೇ ಸ್ಪಷ್ಟ. ಅವಳು ತಾರಸಿಯ ಗೋಡೆಗೆ ಒರಗಿ ಕುಸಿದು ಕೂತು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು.

ಮಾವ ಎರಡು ಚಿತ್ರಗಳನ್ನೂ ನೋಡಿ ಕನ್ನಡಕ ತೆಗೆದರು.

"ಏಳು ವರ್ಷದ ಟೆಸ್ಟರಮ್ಮ, ಸ್ವಿಚ್ ಆಫ್ ಮಾಡೋದು ಮರೆತ್ಯಾ?"

"ಬೈಯಿ ಮಾವ, ಎಷ್ಟು ಬೇಕಾದ್ರೂ ಬೈಯಿ. ಟೇಬಲ್ ಅವರದೇ ಅಲ್ವಾ?"

"ಕೊಟ್ಟ ಮಾತು ಕೊಟ್ಟಂಗೇ. ಆದ್ರೆ ಅವನು ಪೆಟ್ಟಿಗೆ ಎತ್ಕೊಂಡು ಹೊರಟ್ನಲ್ಲೇ."

ಮೆಟ್ಟಿಲ ತಿರುವಿನಲ್ಲಿ ಸಿಕ್ಕಿದ.

"ನಿಲ್ಲಿ. ಲೆನ್ಸ್ ಪಾಸು. ಫೇಲಾಗಿದ್ದು ನಾನು."

ಅವನು ಚಿತ್ರಗಳನ್ನು ನೋಡಿದ. ಸ್ವಿಚ್ಚಿನ ಕಥೆ ಕೇಳಿದ. ಮುಖದ ಬಿಗುವು ಸಡಿಲವಾಯಿತು, ಆದರೆ ಹುಬ್ಬು ಗಂಟಾಗಿಯೇ ಇತ್ತು.

"ನೀವು ಸ್ಟ್ಯಾಂಡ್ ಮುಟ್ಟೋರೇ ಅಲ್ಲ. ಇವತ್ತು ಯಾಕೆ?"

"ನನ್ನ ಕೈ ನಡುಗ್ತಿತ್ತು."

"ನಿಮ್ಮ ಕೈಯಾ? ಯಾಕೆ?"

"ಅದು ನಿಮ್ಮ ಲೆನ್ಸ್ ಅಲ್ವಾ... ಫೇಲಾದ್ರೆ ನೀವು ಹೋಗಿಬಿಡ್ತೀರಿ. ನೀವಿಲ್ಲದ ಆ ಕೋಣೆಯ ಬಾಗಿಲು ತೆಗೆಯೋಕೆ ನನ್ನಿಂದ ಆಗಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಅವನು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟ. ಖಾಲಿಯಾದ ಕೈಯ ತೋರುಬೆರಳು ನಡುಗತೊಡಗಿತು. ಅವಳು ಆ ಕೈ ಹಿಡಿದುಕೊಂಡಳು. ಹಿಡಿಯಲು ಒಂದು ಕೈ ಸಿಕ್ಕಿದ್ದಕ್ಕೋ ಏನೋ, ಬೆರಳು ಸುಮ್ಮನಾಯಿತು.

"ಸಾಹೇಬ್ರೇ, ಇನ್ನೂ ಮೂರು ಲೆನ್ಸ್ ಕಾಯ್ತಿವೆ," ಎಂದು ಮೇಲಿನಿಂದ ಮಾವ ಕೂಗಿದರು. "ನಿಧಾನಕ್ಕೆ ಬನ್ನಿ, ಅವಸರ ಏನಿಲ್ಲ."

ಇಬ್ಬರೂ ನಕ್ಕರು. ಆಮೇಲೆ ಅವಳು ಅವನ ಉತ್ತರಕ್ಕೆ ಕಾಯುತ್ತ, ಮೊದಲ ದಿನದ ಹಾಗೆಯೇ ಉಸಿರು ಹಿಡಿದು ನಿಂತಳು.

"ಈಗ ಉಸಿರು ಬಿಡಬಹುದಾ?" ಎಂದಳು.

"ಬಿಡು," ಎಂದ ಅವನು, ಮೊದಲ ಬಾರಿಗೆ ಏಕವಚನದಲ್ಲಿ. "ಕೈ ಮಾತ್ರ ಬಿಡಬೇಡ."