ಮೊದಲಿಂದಲೇ ಮಟ್ಟವಾಗಿದ್ದ ಗೆರೆ

"ಅತ್ತೆ, ನಾಳೆ ಹನ್ನೊಂದು ಗಂಟೆಗೆ ನನ್ನನ್ನ ಪ್ರಯೋಗಶಾಲೆಯಿಂದ ತೆಗೆದುಹಾಕ್ತಾರೆ. ನಾನು ಸುಳ್ಳು ನಕ್ಷೆ ಬರೆದೆ ಅಂತ."

ನನ್ನ ತಂಗಿಯ ಮಗಳು ಕುರ್ಚಿಯ ತುದಿಯಲ್ಲಿ ಕುಳಿತು ಇದನ್ನು ಹೇಳಿದ್ದು ನನಗಲ್ಲ, ನನ್ನ ಅತ್ತಿಗೆಗೆ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಅತ್ತಿಗೆ ನಿವೃತ್ತಿಯ ನಂತರ ಬಿಡಿಸಿದ ಪ್ರಕರಣಗಳನ್ನು ಬರೆದಿಡುವುದಷ್ಟೇ ನನ್ನ ಕೆಲಸ.

"ಅಳೋದು ಆಮೇಲೆ. ನಕ್ಷೆ ಏನದು, ಮೊದಲು ಹೇಳು," ಎಂದರು ಅತ್ತಿಗೆ.

ಅವಳು ಹೇಳಿದ್ದಿಷ್ಟು: ಒಂದು ಪ್ರೋಟೀನ್ ಅಣುವಿನಲ್ಲಿ ಔಷಧಿ ಒಳಹೋಗುವ ಬಾಗಿಲಿನಂಥ ಭಾಗವಿದೆ. ಕಂಪ್ಯೂಟರಿನಲ್ಲಿ ಆ ಅಣುವಿನ ಅಲುಗಾಟವನ್ನು ಲೆಕ್ಕಹಾಕಿ ಓಡಿಸಿ, ನ್ಯಾನೋಸೆಕೆಂಡಿಗೊಂದು ಚಿತ್ರ ತೆಗೆದು, ಪ್ರತಿ ಚಿತ್ರಕ್ಕೂ 'ತೆರೆದಿದೆ' ಅಥವಾ 'ಮುಚ್ಚಿದೆ' ಎಂದು ಗುರುತು ಹಾಕುತ್ತಾರೆ. ಇಂತಿಷ್ಟು ಚಿತ್ರಗಳ ಅಂತರದಲ್ಲಿ ಗುರುತು ಎಷ್ಟು ಸಲ ಬದಲಾಯಿತೆಂದು ಎಣಿಸಿದರೆ ಒಂದು ಕೋಷ್ಟಕ ಸಿಗುತ್ತದೆ. ಅದೇ ಮಾರ್ಕೋವ್ ಮಾದರಿ. ಬಾಗಿಲಿನ ಚಲನೆಗೆ ತಗಲುವ ಕಾಲ ಅದರಿಂದ ಹೊರಡುತ್ತದೆ. ಅಂತರವನ್ನು ಒಂದು, ಐದು, ಇಪ್ಪತ್ತು, ನೂರು ಎಂದು ಹಿಗ್ಗಿಸುತ್ತ ಆಯಾ ಕಾಲವನ್ನು ನಕ್ಷೆಯಲ್ಲಿ ಗುರುತಿಸಬೇಕು. ಗೆರೆ ಮಟ್ಟವಾದಲ್ಲಿ ಉತ್ತರವನ್ನು ನಂಬಬಹುದು.

"ನನ್ನ ಗೆರೆ ಏರಿ ಏರಿ ಮೂವತ್ತು ಸಾವಿರ ನ್ಯಾನೋಸೆಕೆಂಡಲ್ಲಿ ಮಟ್ಟ ಆಗಿತ್ತು. ಮೊನ್ನೆ ಪರಿಶೀಲನೆಗೆ ಗುರುತುಗಳ ಅದೇ ಕಡತದಿಂದ ಮತ್ತೆ ಎಳೆದ್ರೆ, ಮೊದಲಿಂದಲೇ ಮಟ್ಟ! ಬರೀ ಮೂರು ಸಾವಿರ! ಅದು ನಮ್ಮ ಪ್ರಯೋಗಶಾಲೆ ಹಿಂದೆ ಅಚ್ಚು ಹಾಕಿಸಿದ ಉತ್ತರ."

"ಆ ಕಡತ ಯಾರ್ಯಾರು ಮುಟ್ಟಬಹುದು?"

"ಮೂರೇ ಜನ. ನಿರ್ದೇಶಕರು ಇಪ್ಪತ್ತರ ಅಂತರದಲ್ಲಿ ಕೋಷ್ಟಕ ಕಟ್ತಾರೆ. ಹಿರಿಯ ಸಂಶೋಧಕರು ಐದರಲ್ಲಿ; ಅದಕ್ಕೇ ಅವರನ್ನ ಗಡಿಬಿಡಿ ಸಾರ್ ಅಂತೀವಿ. ಇಬ್ಬರೂ ಕೋಷ್ಟಕ ಬೀಗ ಹಾಕಿ ಇಟ್ಕೊಳ್ಳೋರೇ. ಆಮೇಲೆ ಕಂಪ್ಯೂಟರ್ ಕೋಣೆ ಉಸ್ತುವಾರಿ. ಡಿಸ್ಕಲ್ಲಿ ಜಾಗವೆಲ್ಲ ನೀನೇ ತಿಂತೀಯ ಅಂತ ನನ್ನ ಜೊತೆ ದಿನಾ ಜಗಳ ಅವರದು."

"ಬಾಗಿಲು ಒಂದೊಂದು ಸಲ ಎಷ್ಟೆಷ್ಟು ಚಿತ್ರ ಅಲುಗಾಡದೆ ಇತ್ತು, ಈಗಿನ ಕಡತದಿಂದ ಪಟ್ಟಿ ತೆಗಿ."

ಅವಳು ಪಟ್ಟಿ ತೆಗೆದಳು. ನಾನು ಓದಿದೆ: ೬,೮೪೦, ೨,೬೧೫, ೯೦೫, ೧೧,೩೭೦, ೪,೦೫೫... ಅತ್ತಿಗೆ ಎರಡನೇ ಹಾಳೆಗೇ ಕನ್ನಡಕ ತೆಗೆದಿಟ್ಟರು. ಆದರೂ ಪಟ್ಟಿ ಮುಗಿಯುವವರೆಗೂ ನನ್ನಿಂದ ಓದಿಸಿದರು.

ಮರುದಿನ ಹನ್ನೊಂದಕ್ಕೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಸಹಿಯೊಂದೇ ಬಾಕಿಯಿದ್ದ ವಜಾ ಆದೇಶ ಮೇಜಿನ ಮೇಲಿತ್ತು.

"ಹೊಸಿಲ ಮೇಲೆ ನಿಂತು ಕಾಲು ಒಳಗೆ ಹೊರಗೆ ಆಡಿಸೋನನ್ನ ಕ್ಷಣಕ್ಕೊಂದು ಸಲ ನೋಡಿದ್ರೆ, ನೂರು ಸಲ ಓಡಾಡಿದ ಅಂತ ಲೆಕ್ಕ ಬರುತ್ತೆ," ಎಂದು ಅತ್ತಿಗೆ ಆರಂಭಿಸಿದರು. "ಬಿಟ್ಟು ಬಿಟ್ಟು ನೋಡಿದ್ರೆ ನಿಜ ತಿಳಿಯುತ್ತೆ. ಈ ಅಣುವಿನ ಬಾಗಿಲೂ ಹಾಗೇ. ಅದಕ್ಕೇ ಹುಡುಗಿಯ ಗೆರೆ ಏರಿ, ಆಮೇಲೆ ಮಟ್ಟ ಆಗಿತ್ತು. ಈಗಿನ ಕಡತದ ಗೆರೆ ಏರೋದೇ ಇಲ್ಲ. ಅಂದ್ರೆ ಇದು ಅಣು ಓಡಿದ್ದಲ್ಲ. ಯಾರೋ ಕೋಷ್ಟಕ ಮುಂದಿಟ್ಕೊಂಡು, ಅದರ ಲೆಕ್ಕದಂತೆ ದಾಳ ಹಾಕಿ ಬರೆದಿದ್ದು; ಅದರಲ್ಲಿ ಹೊಸಿಲ ಮೇಲಿನ ಆಟ ಇರಲ್ಲ."

"ಯಾರ ಕೋಷ್ಟಕ?" ನಿರ್ದೇಶಕರು ಕೇಳಿದರು.

"ಈ ಪಟ್ಟೀಲಿ ನಾನೂರ ಹನ್ನೆರಡು ಸಂಖ್ಯೆ ಇವೆ. ಕೊನೆ ಅಂಕಿ ಸೊನ್ನೆ, ಇಲ್ಲ ಐದು. ಒಂದೂ ತಪ್ಪಿಲ್ಲ. ಅಣುವಿಗೆ ಐದರ ಮಗ್ಗಿ ಯಾರು ಹೇಳಿಕೊಟ್ರು? ಐದು ಚಿತ್ರಕ್ಕೊಂದು ದಾಳ ಹಾಕಿ, ಬಂದ ಗುರುತನ್ನ ಐದೈದು ಸಲ ಬರೆದಿದಾರೆ. ಉಸ್ತುವಾರಿಯವರ ಹತ್ರ ಕೋಷ್ಟಕವೇ ಇಲ್ಲ. ನಿಮ್ಮದಾಗಿದ್ರೆ ಇಪ್ಪತ್ತರ ಮಗ್ಗಿ ಬರ್ತಿತ್ತು."

ಉಸ್ತುವಾರಿ ನಿಟ್ಟುಸಿರು ಬಿಟ್ಟರು. "ನನ್ನ ಮೇಲೆ ಬರುತ್ತೆ ಅಂತಲೇ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಮ್ಮ."

"ನಾನ್ಯಾಕೆ ಮಾಡ್ಲಿ?" ಎಂದರು ಗಡಿಬಿಡಿ ಸಾರ್.

ಅತ್ತಿಗೆ ಹುಡುಗಿಯ ಹಳೆಯ ನಕ್ಷೆಯನ್ನು ಅವರ ಮುಂದೆ ಸರಿಸಿದರು. "ಐದರ ಅಂತರದ ಮೇಲೆ ಬೆರಳಿಡಿ. ಅಲ್ಲಿ ಗೆರೆ ಎಷ್ಟರಲ್ಲಿದೆ?"

ಅವರು ಬೆರಳಿಡಲಿಲ್ಲ. "ಮೂರು ಸಾವಿರ," ಎಂದರು.

"ಇನ್ನೂ ಏರ್ತಿದ್ದ ಗೆರೆಯಿಂದ ಉತ್ತರ ಕಿತ್ಕೊಂಡು ಅಚ್ಚು ಹಾಕಿಸಿದ್ರಿ. ಅದನ್ನ ತೋರಿಸೋ ಕಾಗದ ಇದೊಂದೇ. ಇದು ಸುಳ್ಳಾದ್ರೆ ಲಾಭ ಯಾರಿಗೆ ಸಾರ್?"

ಗಡಿಬಿಡಿ ಸಾರ್ ಚೀಲದಿಂದ ಒಂದು ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟರು. "ನಿಜವಾದ ಕಡತ ಇದರಲ್ಲಿದೆ. ಅಳಿಸೋಕೆ ಕೈ ಬರ್ಲಿಲ್ಲ. ಎಂಟು ತಿಂಗಳು ಕಂಪ್ಯೂಟರಲ್ಲಿ ಓಡಿದ್ದು."

ನಿರ್ದೇಶಕರು ಆದೇಶವನ್ನು ಹರಿದು ಬುಟ್ಟಿಗೆ ಹಾಕಿ, ಡಿಸ್ಕನ್ನು ಹುಡುಗಿಯ ಕೈಗೆ ಕೊಟ್ಟರು. "ಗೆರೆ ಎಳಿಯಮ್ಮ, ಎಲ್ಲರ ಎದುರಿಗೇ."

ಅವಳು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಗೆರೆ ಐದನ್ನು ದಾಟಿತು, ಇಪ್ಪತ್ತನ್ನು ದಾಟಿತು, ಮೇಲೇರಿ ನಿಧಾನವಾಗಿ ಬಾಗಿತು. ಮೊದಲು ಮಾತನಾಡಿದವರು ಗಡಿಬಿಡಿ ಸಾರ್. ಕುರ್ಚಿಯಿಂದ ಅರ್ಧ ಎದ್ದು ಪರದೆಯತ್ತ ಬಗ್ಗಿದ್ದರು.

"ಮಟ್ಟ ಆಯ್ತು," ಎಂದರು.