ಎಡ ಚಕ್ರದ ಗೊರಗೊರ

ಲಾರಿ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ಡ್ರೈವರ್ ಒಳಗೇ ಸತ್ತಿದ್ದ. ಸ್ಟೇರಿಂಗ್ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

ಮೇಲೆ ಇಳಿಜಾರಿನ ತಿರುವಿನಲ್ಲಿ ಒಂದೇ ಒಂದು ಕಪ್ಪು ಗೆರೆ. ಎಡ ಮುಂಚಕ್ರ ತಿರುಗದೆ ಉಜ್ಜಿಕೊಂಡು ಹೋದ ಗುರುತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಲಾರಿ ಅದು. ಎಂಥ ಏರಿಗೂ ಜಗ್ಗದ ಗಾಡಿ ಇಳಿಯುವಾಗ ಕೈಕೊಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಹಳ್ಳಕ್ಕೆ ಇಳಿದರು. ಮೇಲಿನವರಿಗೆ ಎದುರು ಮಾತಾಡಿದ್ದಕ್ಕೆ ಹಿಂದೊಮ್ಮೆ ಆಕೆಯನ್ನು ಪೊಲೀಸ್ ಜೀಪುಗಳ ರಿಪೇರಿ ಶೆಡ್ಡಿಗೆ ಎತ್ತಿ ಹಾಕಿದ್ದರು. ಶಿಕ್ಷೆ ಅಂತ ಕೊಟ್ಟದ್ದು ವಿದ್ಯೆಯಾಗಿ ಕೂತಿತ್ತು.

ಮೇಸ್ತ್ರಿ ಪೊಲೀಸರಿಗಿಂತ ಮೊದಲೇ ಕ್ರೇನ್ ತಂದಿದ್ದ. ಸತ್ತವನು ಅವನ ತಂಗಿಯ ಗಂಡ. ಲಾರಿ ರಿಪೇರಿಯಾದದ್ದೂ ಅವನದೇ ಗ್ಯಾರೇಜಿನಲ್ಲಿ.

"ಎಡಗಡೆ ಬೇರಿಂಗ್ ಹಾಕಿದ್ದು ನನ್ನ ತಮ್ಮ, ಮೇಡಂ" ಎಂದ ಮೇಸ್ತ್ರಿ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಒಳಗಿನ ನಟ್ಟು ಸಡಿಲ ಆಗದ ಹಾಗೆ ತಡೆಯೋ ಲಾಕ್ ನಟ್ಟು ಹಾಕೋಕೆ ಮರೆತಿರ್ತಾನೆ. ಬಿಚ್ಚಿ ನೋಡಿ ಬೇಕಾದ್ರೆ."

"ಬಿಚ್ಚದೇ ನಿಮಗೆ ಹೇಗೆ ಗೊತ್ತಾಯ್ತು?"

"ಅನುಭವ, ಮೇಡಂ."

ಆಕೆ ಎಡ ಚಕ್ರದ ನಡುಭಾಗದ ಹಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಹಬ್ಬಿನ ಮುಚ್ಚಳದ ತುಂಬ ಹಳ್ಳದ ಕೆಸರು ಮೆತ್ತಿಕೊಂಡು ಒಣಗಿತ್ತು. ಸ್ಕ್ರೂಗಳ ತಲೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಆಕೆ ಅವನ್ನು ಬೆರಳಿನಿಂದ ಸವರಿ ನೋಡಿದರು. ಮುಚ್ಚಳ ಬಿಚ್ಚಿಸಿದರು. ಒಳಗೆ ಲಾಕ್ ನಟ್ಟು ನಿಜಕ್ಕೂ ಇರಲಿಲ್ಲ.

* * *

ತಮ್ಮನನ್ನು ಠಾಣೆಗೆ ಕರೆತಂದರು. ಅವನು ಬೆಂಚಿನ ತುದಿಯಲ್ಲಿ ಕೂತ.

"ಭಾವನ ಜೊತೆ ಜಗಳ ಆಡಿದ್ದೆಯಂತೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಹೌದು. ಅಕ್ಕನ ಮೇಲೆ ಕೈ ಮಾಡಿದ್ದ. ಇನ್ನೊಂದು ಸಲ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ."

"ಅದಕ್ಕೇ ನಟ್ಟು ಬಿಟ್ಟೆಯಾ?"

"ಅಯ್ಯೋ, ಇಲ್ಲ ಮೇಡಂ! ಮರೆತೆ. ನಂದೇ ತಪ್ಪು."

"ಒಳಗಿನ ನಟ್ಟು ಎಷ್ಟು ಬಿಗಿ ಮಾಡಿದ್ದೆ?"

"ಚಕ್ರ ತಿರುಗಿಸ್ತಾ ಗಟ್ಟಿಯಾಗಿ ಬಿಗಿದು, ಆಮೇಲೆ ಕಾಲು ಸುತ್ತು ಸಡಿಲ ಬಿಟ್ಟೆ. ವಾಷರ್ ಕೂರಿಸಿದೆ. ಲಾಕ್ ನಟ್ಟು..." ಅಲ್ಲಿಗೆ ನಾಲಿಗೆ ತಡವರಿಸಿತು. "ಅದನ್ನ ಮರೆತೆ."

ಮೀಸೆ ಪೇದೆ ಹೊರಗೆ ಬಂದು ಕೈ ಕೊಡವಿದ. "ಕೇಸು ಮುಗೀತು ಬಿಡಿ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರೆ. ಇಲ್ಲಿ ಭಾವನೂ ಸೇರ್ಕೊಂಡ."

"ಇಷ್ಟು ಅಚ್ಚುಕಟ್ಟಾಗಿ ಕೆಲಸ ಹೇಳೋನು ನಟ್ಟು ಮರೀತಾನೇನ್ರೀ?" ಎಂದರು ಇನ್ಸ್‌ಪೆಕ್ಟರಮ್ಮ. "ಅವನು ಯಾರನ್ನೋ ಕಾಪಾಡ್ತಿದ್ದಾನೆ."

* * *

ಡ್ರೈವರನ ಹೆಂಡತಿ ಅಳುತ್ತಿರಲಿಲ್ಲ. ಅಳು ಮುಗಿದು ಕಣ್ಣು ಕೆಂಡವಾಗಿತ್ತು.

"ಹೊರಡೋ ಮುಂಚೆ ಅಣ್ಣಂಗೆ ಫೋನ್ ಮಾಡಿದ್ರು. ನಾನು ಪಕ್ಕದಲ್ಲೇ ಇದ್ದೆ. ಬೇರಿಂಗ್ ಹೊಸದು ಹಾಕಿದ್ರೂ ಗೊರಗೊರ ನಿಂತಿಲ್ಲ, ಬಲಕ್ಕೆ ತಿರುಗಿಸಿದ್ರೆ ಜಾಸ್ತಿ ಆಗ್ತದೆ ಅಂದ್ರು."

"ಮೇಸ್ತ್ರಿ ಏನಂದ್ರು?"

"ಹೊಸದು ಹಂಗೇ, ಪಳಗಬೇಕು, ಓಡಿಸು ಅಂದ. ಅಣ್ಣನ ಕಿವಿ ಮೇಲೆ ಇವರಿಗೆ ನಂಬಿಕೆ ಮೇಡಂ. ಅವನು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದ್ರೆ ಸಾಕು, ಯಾವ ಚಕ್ರ ಅಂತ ಹೇಳಿಬಿಡ್ತಾನೆ. ಜಾಕ್ ಹಾಕೋದೂ ಬೇಡ, ಅಲುಗಿಸಿ ನೋಡೋದೂ ಬೇಡ."

ಬಲಕ್ಕೆ ತಿರುಗಿಸಿದರೆ ಭಾರ ಬೀಳುವುದು ಎಡ ಚಕ್ರದ ಮೇಲೆ. ಹೊಸ ಬೇರಿಂಗ್ ಹಾಕಿದ್ದು ಅಲ್ಲಿಗೇ ಆಗಿದ್ದರೆ ಸದ್ದು ನಿಲ್ಲಬೇಕಿತ್ತು. ಇನ್ಸ್‌ಪೆಕ್ಟರಮ್ಮ ಎದ್ದೇಬಿಟ್ಟರು. ನೇರವಾಗಿ ಲಾರಿಯ ಬಲಗಡೆಯ ಹಬ್ಬನ್ನು ಬಿಚ್ಚಿಸಿದರು. ಅದನ್ನು ಯಾರೂ ಇಣುಕಿಯೂ ನೋಡಿರಲಿಲ್ಲ.

* * *

ಗ್ಯಾರೇಜಿನಲ್ಲಿ ಮೇಸ್ತ್ರಿ ಕೆಲಸದ ಮೇಜಿನ ಮುಂದೆ ಬಗ್ಗಿ ನಿಂತಿದ್ದ. ಆಕೆ ಕಣ್ಸನ್ನೆ ಮಾಡಿದರು. ಮೀಸೆ ಪೇದೆ ಮೇಸ್ತ್ರಿಯ ಎಡಕ್ಕೆ, ಹಿಂದಿನಿಂದ, ಒಂದು ಸ್ಪ್ಯಾನರ್ ಬೀಳಿಸಿದ. ಮೇಸ್ತ್ರಿ ಬೆಚ್ಚಿ ಬಲಕ್ಕೆ ತಿರುಗಿದ. ಮತ್ತೊಮ್ಮೆ ಬೀಳಿಸಿದ. ಮತ್ತೆ ಬಲಕ್ಕೇ ತಿರುಗಿದ.

"ಎಡಗಿವಿ ಯಾವಾಗ ಹೋಯ್ತು, ಮೇಸ್ತ್ರಿ?"

ಅವನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ತಂಗಿಯೂ ತಮ್ಮನೂ ನಿಂತಿದ್ದರು. ಇನ್ಸ್‌ಪೆಕ್ಟರಮ್ಮನೇ ಕರೆಸಿದ್ದರು.

"ಒಂದೇ ಕಿವಿ ಇದ್ದೋರಿಗೆ ಎಲ್ಲಾ ಸದ್ದೂ ಆ ಕಡೆಯಿಂದಲೇ ಬಂದ ಹಾಗಿರುತ್ತೆ. ಗೊರಗೊರ ಅಂದದ್ದು ಎಡ ಚಕ್ರ. ನೀವು ಬಲ ಅಂದ್ರಿ. ತಮ್ಮ ನೀವು ಹೇಳಿದ ಬಲ ಚಕ್ರಕ್ಕೇ ಹೊಸದು ಹಾಕಿದ. ಅಲ್ಲಿ ಗ್ರೀಸ್ ಇನ್ನೂ ಬೆಣ್ಣೆ ಹಾಗಿದೆ. ಎಡಗಡೆ ಹಳೇ ಬೇರಿಂಗು, ಸುಟ್ಟು ನೀಲಿಗೆ ತಿರುಗಿ ಪುಡಿ ಆಗಿದೆ. ಗ್ರೀಸ್ ಇದ್ದಿಲಾಗಿದೆ. ಆ ಹಬ್ಬನ್ನ ನಿಮ್ಮ ಗ್ಯಾರೇಜಲ್ಲಿ ಯಾರೂ ಮುಟ್ಟೇ ಇಲ್ಲ."

"ಲಾಕ್ ನಟ್ಟು ಇರಲಿಲ್ವಲ್ಲ!"

"ನೀವು ಬರೋವರೆಗೂ ಇತ್ತು. ಲಾರಿ ಬಿದ್ದ ಮೇಲೆ ಮುಚ್ಚಳ ಬಿಚ್ಚಿ ನಟ್ಟು ತೆಗೆದು ಮತ್ತೆ ಹಾಕಿದ್ರಿ. ಕೆಸರೆಲ್ಲಾ ಹಾಗೇ ಇದೆ, ಸ್ಕ್ರೂ ತಲೆ ಮಾತ್ರ ಹೊಳೀತಿದೆ. ಅದನ್ನ ಬಿಚ್ಚೋ ಉದ್ದ ಪಾನಾ ನಿಮ್ಮ ಕ್ರೇನಲ್ಲೇ ಇತ್ತು."

ಮೇಸ್ತ್ರಿಯ ಕೈ ತನ್ನಷ್ಟಕ್ಕೆ ಅಂಗಿಯ ಜೇಬನ್ನು ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೀಸೆ ಪೇದೆ ಆ ಜೇಬಿಗೆ ಕೈ ಹಾಕಿ ನಟ್ಟು ಹೊರತೆಗೆದ. ಎಸೆಯಲು ಹಳ್ಳ ಇತ್ತು, ಪೊದೆ ಇತ್ತು. ಒಳ್ಳೆಯ ನಟ್ಟು ಎಸೆಯಲು ಮೇಸ್ತ್ರಿಯ ಕೈಗೆ ಮನಸ್ಸು ಬಂದಿರಲಿಲ್ಲ.

"ಕಿವಿ ಹೋಯ್ತು ಅಂದ್ರೆ ಯಾರು ಬರ್ತಿದ್ರು ನನ್ನ ಹತ್ರ?" ಎಂದ ಅವನು. "ತಮ್ಮಂದು ಮರೆವು ಅಂದ್ರೆ ಬೇಗ ಬಿಟ್ಟುಬಿಡ್ತಾರೆ ಅಂದ್ಕೊಂಡೆ."

ಸ್ವಂತ ತಮ್ಮನನ್ನು ಜೈಲಿಗೆ ಕಳಿಸಿ ಕಿವಿಯ ಹೆಸರು ಉಳಿಸಿಕೊಳ್ಳಲು ಹೊರಟ ಮನುಷ್ಯ! ಇನ್ಸ್‌ಪೆಕ್ಟರಮ್ಮನಿಗೆ ಬಾಯಿ ಕಹಿಯಾಯಿತು.

ತಂಗಿ ತಮ್ಮನ ಕಡೆ ತಿರುಗಿದಳು. "ಸುತ್ತು ಹೋದಾಗ ನೀನೂ ಲಾರಿಲಿ ಇದ್ದೆ ಅಲ್ವೇನೋ?"

"ಇದ್ದೆ, ಅಕ್ಕ."

"ನಿನಗೆ ಯಾವ ಕಡೆ ಕೇಳಿಸ್ತು?"

ಅವನು ನೆಲ ನೋಡಿದ. "ಎಡಗಡೆ."

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ?"

"ಅಣ್ಣ ಬಲ ಅಂದುಬಿಟ್ಟಿದ್ದ. ಗ್ಯಾರೇಜಲ್ಲಿ ಅಣ್ಣ ಹೇಳಿದ ಮೇಲೆ ಯಾರೂ ಎರಡನೇ ಮಾತು ಆಡಲ್ಲ ಅಕ್ಕ. ಭಾವನ ಮುಂದೆ ಅಣ್ಣಂಗೆ ಅವಮಾನ ಆಗುತ್ತಲ್ಲ ಅಂತ..."

ಅವಳು ಬೈಯಲಿಲ್ಲ. ಮೇಸ್ತ್ರಿಯ ಎಡಕ್ಕೆ ಹೋಗಿ ನಿಂತು, ಮೆಲ್ಲಗೆ, "ಇನ್ನು ನನಗೆ ತವರಿಲ್ಲ ಅಣ್ಣ" ಎಂದಳು.

ಮೇಸ್ತ್ರಿ ಗಾಬರಿಯಿಂದ ಬಲಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

"ಏನಂದೆ?" ಎಂದು ಕೇಳಿದ.

ಅವಳು ಎರಡನೇ ಸಲ ಹೇಳಲಿಲ್ಲ.